ಅಮ್ಮ ಬಂದ ಮನೆಗೆ ಗೆಳತಿ ಬಂದಳು

ಮೈಸೂರಿನ ಅಂಚಿನ ಬೋಗಾದಿಯ ನಮ್ಮ ಮನೆಯ ಮೇಲೆ ಒಂದು ಪುಟ್ಟ ಬಾಡಿಗೆ ಮನೆಯಿದೆ. ಒಂದು ಕೋಣೆ, ಒಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ, ಬಚ್ಚಲು, ಮುಂದೆ ಒಂದಿಷ್ಟು ಬಯಲು ತಾರಸಿ. ನಾನು ಮದುವೆಯಾಗಿ ಬಂದಾಗ ಅಲ್ಲಿ ಬರೀ ತಾರಸಿಯೇ ಇತ್ತು, ರಾಗಿ ಒಣಹಾಕುತ್ತಿದ್ದೆವು. ಸುತ್ತಲಿನ ಹೊಲಗಳೆಲ್ಲ ಬಡಾವಣೆಯಾಗಿ, ಅವುಗಳ ಜೊತೆ ನಮ್ಮದೂ ಹೋಗಿ, ಒಣಹಾಕಲು ರಾಗಿಯೇ ಇಲ್ಲವೆಂದಾದ ಮೇಲೆ ನಮ್ಮ ಯಜಮಾನರು ಅಲ್ಲಿ ಗೋಡೆ ಎಬ್ಬಿಸಿದರು. ಅಂದಿನಿಂದ ಅಲ್ಲಿಗೆ ಬರುವವರೆಲ್ಲ ವಿದ್ಯಾರ್ಥಿಗಳೇ. ಯಜಮಾನರದು ರಿಂಗ್ ರೋಡಿನ ಹತ್ತಿರ ಪೇಂಟು, ಪೈಪುಗಳ ಅಂಗಡಿ. ನನ್ನದು ಮನೆಯ ಮುಂದಿನ ಕೋಣೆಯಲ್ಲಿ ರಸ್ತೆಗೆ ಕಿಟಕಿ ತೆರೆದುಕೊಂಡ ಜೆರಾಕ್ಸ್ ಅಂಗಡಿ. ನಮ್ಮತ್ತೆಗೆ ಯಾವ ಅಂಗಡಿಯೂ ಇಲ್ಲ, ಆದರೆ ಎರಡಕ್ಕೂ ಅವರೇ ಯಜಮಾನಿ.

ಹಾಗೆ ಬಂದವರಲ್ಲಿ ಒಬ್ಬಳು ತಾಂಜಾನಿಯಾದ ಹುಡುಗಿ. ಆಹಾರ ವಿಜ್ಞಾನದಲ್ಲಿ ಸಂಶೋಧನೆ ಮಾಡಲು ಮೈಸೂರಿಗೆ ಬಂದಿದ್ದಳು. ಮನೆ ಕೇಳಲು ಬಂದ ದಿನ ನಮ್ಮತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮೂರ್ ಕಡೆ ಮಳೆ ಎಂಗೆ ಉಯ್ತದೆ?" ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಅದನ್ನು ದಾಟಿಸಿದೆ. ಹುಡುಗಿ ಸ್ವಲ್ಪ ಯೋಚಿಸಿ, ವರ್ಷಕ್ಕೆ ಎರಡು ಸಲ ಮಳೆಗಾಲ ಎಂದಳು. ಅತ್ತೆಗೆ ಅಷ್ಟು ಸಾಕಾಯಿತು. "ಎರಡ್ ಬೆಳೆ ತೆಗ್ಯೋ ಊರು" ಎಂದು ಬೀಗದ ಕೈ ಕೊಟ್ಟರು.

ಎರಡು ವರ್ಷದಲ್ಲಿ ಅವಳು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಕನ್ನಡ ಕಲಿತಳು. ನಾನು ಅವಳಿಗೆ ಆಂಟಿ, ನಮ್ಮತ್ತೆ ಅಜ್ಜಿ. ಸಂಜೆ ಲ್ಯಾಬಿನಿಂದ ಬಂದರೆ ಮೆಟ್ಟಿಲ ಮೇಲೆ ಕೂತು ಅತ್ತೆಯ ಜೊತೆ ಅವರೆಕಾಯಿ ಬಿಡಿಸುವಳು. ಮಾತೇನೂ ಹೆಚ್ಚಿರುತ್ತಿರಲಿಲ್ಲ. ಇಬ್ಬರಿಗೂ ಅದೇ ಹಿತವಾಗಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಬೆಳಿಗ್ಗೆ ಅವಳು ಮೆಟ್ಟಿಲು ಹಾರಿಕೊಂಡು ಕೆಳಗೆ ಬಂದಳು. "ಆಂಟಿ, ನನ್ನ ಫ್ರೆಂಡ್ ಬರ್ತಾಳೆ! ನಾಲ್ಕು ದಿನ ಇರಬಹುದಾ?"

ಆ ಗೆಳತಿಯ ವಿಷಯ ನಮಗೆ ಗೊತ್ತಿತ್ತು. ಇಬ್ಬರದೂ ಒಂದೇ ಊರು, ಸಮುದ್ರದಂಥ ದೊಡ್ಡ ಸರೋವರದ ದಡದಲ್ಲಿರುವ ಊರು. ಒಂದೇ ಶಾಲೆ, ಒಂದೇ ಬೆಂಚು. ಇಬ್ಬರಿಗೂ ಇಂಡಿಯಾದಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಾಗ, ದಿನಾ ಸಂಜೆ ಒಟ್ಟಿಗೆ ಚಹಾ ಕುಡಿಯಬಹುದು ಅಂದುಕೊಂಡು ಕುಣಿದಾಡಿದ್ದರಂತೆ. ಒಬ್ಬಳಿಗೆ ಮೈಸೂರು, ಇನ್ನೊಬ್ಬಳಿಗೆ ಪುಣೆ. ಇಲ್ಲಿಗೆ ಬಂದಮೇಲೆ ನಕ್ಷೆ ನೋಡಿ ಇಬ್ಬರೂ ಫೋನಿನಲ್ಲಿ ಅತ್ತಿದ್ದರು. ಅಂದಿನಿಂದ ಒಂದು ಸಲವೂ ಭೇಟಿಯಾಗಿರಲಿಲ್ಲ.

ಹಾಗಾಗಿ ಆ ವಾರವೆಲ್ಲ ಮಹಡಿಯಲ್ಲಿ ಹಬ್ಬದ ತಯಾರಿ. ಅವಳು ನೆಲ ಉಜ್ಜಿದಳು, ಪರದೆ ಒಗೆದಳು. ಎಲ್ಲಿಗೆಲ್ಲ ಕರೆದುಕೊಂಡು ಹೋಗಬೇಕೆಂದು ನನ್ನನ್ನು ದಿನಾ ಕೇಳುವಳು. ಅರಮನೆ, ಬೆಟ್ಟ, ಮೃಗಾಲಯ, ಕೆ.ಆರ್.ಎಸ್., ಸಾಧ್ಯವಾದರೆ ಇಲವಾಲದಾಚೆ ಹುಣಸೂರು ರಸ್ತೆಯಲ್ಲಿ ಒಂದು ಸುತ್ತು. "ನಾಲ್ಕು ದಿನಕ್ಕೆ ಇಷ್ಟು ಆಗಲ್ಲ ಕಣಮ್ಮ" ಎಂದರೆ, "ಬೇಗ ಬೇಗ ಓಡ್ತೀವಿ ಆಂಟಿ" ಎನ್ನುವಳು.

ಗೆಳತಿ ಬರುವ ಹಿಂದಿನ ದಿನ ಅವಳು ಲ್ಯಾಬಿಗೆ ಹೋಗಲಿಲ್ಲ. ಮಧ್ಯಾಹ್ನ ಮೆಲ್ಲಗೆ ಇಳಿದು ಬಂದು ಬಾಗಿಲ ಹತ್ತಿರ ನಿಂತಳು. ಮೈ ಸುಡುತ್ತಿತ್ತು. ತೋಳಿನ ಮೇಲೆ, ಕತ್ತಿನಲ್ಲಿ ಗುಳ್ಳೆಗಳು. "ಸೊಳ್ಳೆ ತುಂಬ ಕಚ್ಚಿದೆ ಆಂಟಿ" ಎಂದಳು.

ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ತಲೆಯೆತ್ತಿ ನೋಡಿದರು. ಮೊರ ಕೆಳಗಿಟ್ಟು ಎದ್ದು ಬಂದು ಅವಳ ಕತ್ತನ್ನು ಬೆಳಕಿಗೆ ತಿರುಗಿಸಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

"ಸೊಳ್ಳೆ ಅಲ್ಲ ಮಗಾ. ಅಮ್ಮ ಬಂದವ್ಳೆ."

ಹುಡುಗಿಯ ಕಣ್ಣು ಅರಳಿತು. "ಅಮ್ಮ? ನನ್ನ ಅಮ್ಮ? ಎಲ್ಲಿ?" ಎಂದು ಗೇಟಿನ ಕಡೆ ತಿರುಗಿಯೇಬಿಟ್ಟಳು.

ಅದನ್ನು ನೆನೆದರೆ ಈಗಲೂ ನನಗೆ ಪಾಪ ಎನ್ನಿಸುತ್ತದೆ, ನಗುವೂ ಬರುತ್ತದೆ. ಜ್ವರದ ಕಣ್ಣಿನಲ್ಲಿ ಅವಳು ಆ ಖಾಲಿ ರಸ್ತೆಯಲ್ಲಿ ತನ್ನ ತಾಯಿಯನ್ನು ಹುಡುಕುತ್ತಿದ್ದಳು. ಸೀತಾಳೆ ಸಿಡುಬಿಗೆ ನಮ್ಮ ಕಡೆ ಹಾಗೆ ಹೇಳುತ್ತೇವೆ, ಅದು ದೇವಿ ಮೈಮೇಲೆ ಬಂದಂತೆ ಎಂದು ಬಿಡಿಸಿ ಹೇಳಿದೆ. ಅವಳು ತೋಳಿನ ಗುಳ್ಳೆ ನೋಡಿಕೊಂಡು, "ಚಿಕನ್‌ಪಾಕ್ಸ್?" ಎಂದಳು. ಮರುಕ್ಷಣ ಎರಡೂ ಕೈ ಕೆನ್ನೆಗೆ ಹೋದವು. "ನಾಳೆ ಅವಳು ಬರ್ತಾಳೆ!"

ಸ್ಕೂಟರಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಅವರೂ ಅದನ್ನೇ ಹೇಳಿದರು. ದೊಡ್ಡವರಿಗೆ ಬಂದರೆ ಸ್ವಲ್ಪ ಜಾಸ್ತಿಯೇ ಕಾಡುತ್ತದೆ, ಮಾತ್ರೆ ತಪ್ಪಿಸಬೇಡಿ, ಒಮ್ಮೆಯೂ ಬಂದಿರದವರು ಹತ್ತಿರ ಹೋಗುವುದು ಬೇಡ ಎಂದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಚಿಕ್ಕಂದಿನಲ್ಲೇ ಆಗಿತ್ತು. ಮನೆಗೆ ಬಂದು ಗೆಳತಿಗೆ ಫೋನು ಮಾಡಿದರೆ ಅವಳಾಗಲೇ ರೈಲಿನಲ್ಲಿದ್ದಳು. ಗದ್ದಲದಲ್ಲಿ ಒಂದು ಮಾತು ಕೇಳಿದರೆ ಇನ್ನೊಂದು ಕೇಳುತ್ತಿರಲಿಲ್ಲ. ಆಮೇಲೆ ಅದೂ ನಿಂತಿತು. ಅಷ್ಟರಲ್ಲಿ ಅತ್ತೆ ಗೇಟಿಗೆ ಬೇವಿನ ಸೊಪ್ಪು ಕಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಆಟೋ ಬಂದು ನಿಂತಿತು. ಕೆಂಪು ಸೂಟ್‌ಕೇಸ್ ಹಿಡಿದುಕೊಂಡು ಎತ್ತರದ, ಅಗಲ ನಗುವಿನ ಹುಡುಗಿಯೊಬ್ಬಳು ಇಳಿದಳು. ಅವಳು ಗೇಟಿಗೆ ಕೈ ಹಾಕುವಷ್ಟರಲ್ಲಿ ನಮ್ಮತ್ತೆ ಅಂಗಳದಿಂದ ಕೈ ಅಡ್ಡ ಹಿಡಿದರು.

"ನಿಲ್ಲು ನಿಲ್ಲು! ಅಲ್ಲೇ ನಿಂತ್ಕೊಳವ್ವ."

ಭಾಷೆ ಬರದಿದ್ದರೂ ಕೈ ಅರ್ಥವಾಯಿತು. ಹುಡುಗಿ ನಿಂತಳು, ನಗು ಹಾಗೇ ಅರ್ಧಕ್ಕೆ ನಿಂತಿತು. ನಾನು ಓಡಿಹೋಗಿ ವಿಷಯ ಹೇಳಿದೆ. ಇತ್ತ ಅತ್ತೆಗೂ ಹೇಳಿದೆ, "ಪಾಪ, ಎಷ್ಟು ದೂರದಿಂದ ಬಂದಿದ್ದಾಳೆ ಕಣತ್ತೆ, ಗೇಟಲ್ಲಿ ನಿಲ್ಲಿಸ್ತೀರಲ್ಲ."

"ದೂರ್ದಿಂದ ಬಂದವ್ಳೆ ಅಂತ್ಲೇ ಯೋಳ್ತಿರೋದು. ಅಮ್ಮ ಇರೋ ಮನೆಗೆ ಹೊರಗ್ನೋರು ಬಂದು ಓಗಿ ಮಾಡಂಗಿಲ್ಲ. ಇವ್ಳಿಗೂ ಅಂಟ್ಕೊಂಡ್ರೆ ಅವ್ರಮ್ಮನ್ಗೆ ಏನ್ ಜವಾಬು ಕೊಡೋದು?"

ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಹುಡುಗಿ ಸೂಟ್‌ಕೇಸ್ ಕೆಳಗಿಟ್ಟು, ಹಣೆಯ ಮೇಲಿನ ಕೂದಲು ಸರಿಸಿ, ಹುಬ್ಬಿನ ಹತ್ತಿರ ಎರಡು ಸಣ್ಣ ಕುಳಿಗಳನ್ನು ತೋರಿಸಿದಳು. ಆರನೇ ಕ್ಲಾಸಿನಲ್ಲಿ ತನಗೆ ಬಂದಿತ್ತು ಎಂದಳು. ಆಗ ನಮ್ಮ ಹುಡುಗಿ ದಿನಾ ಶಾಲೆ ಬಿಟ್ಟ ಮೇಲೆ ತಮ್ಮ ಮನೆಯ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿದ್ದಳಂತೆ. ತನ್ನ ತಾಯಿ ಒಳಗೆ ಬಿಡುತ್ತಿರಲಿಲ್ಲವಂತೆ. ಅಷ್ಟರಲ್ಲಿ ತಾರಸಿಯ ಅಂಚಿನಲ್ಲಿ ದುಪ್ಪಟಿ ಹೊದ್ದುಕೊಂಡ ನಮ್ಮ ಹುಡುಗಿ ಕಾಣಿಸಿಕೊಂಡು ಕೂಗಿದಳು, "ಅಜ್ಜೀ, ಬಿಡಿ ಅಜ್ಜೀ! ಪ್ಲೀಸ್!" ಆಮೇಲೆ ತಮ್ಮ ಭಾಷೆಯಲ್ಲಿ ಗೆಳತಿಗೆ ಏನೋ ಕೂಗಿದಳು. ಕೆಳಗಿನವಳೂ ಕೂಗಿದಳು. ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ, ಎದುರುಗಡೆ ಕಟ್ಟುತ್ತಿದ್ದ ಮನೆಯ ಗಾರೆಯವರು ಕೆಲಸ ನಿಲ್ಲಿಸಿ ನೋಡತೊಡಗಿದರು.

ಅತ್ತೆ ಗೇಟಿನವರೆಗೆ ಹೋಗಿ ಆ ಹುಬ್ಬಿನ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ತುಂಬ ಹೊತ್ತು ನೋಡಿದರು.

"ಊಂ. ಅಮ್ಮ ಇವ್ಳ್ ಮೈಮ್ಯಾಲೂ ಆಡಿ ಓಗವ್ಳೆ" ಎಂದು ಒಪ್ಪಿದರು. "ಆದ್ರೆ ಯೋಳ್ಬುಡು. ಒಳಿಕ್ಕೆ ಬಂದ್ರೆ ಅಮ್ಮನ್ನ ಕಳ್ಸೋಗಂಟ ಇರ್ಬೇಕು. ಮಧ್ಯದಲ್ಲಿ ಊರ್ ಸುತ್ತೋದು, ಬಿಟ್ಟೋಗೋದು ನಡ್ಯಕಿಲ್ಲ."

ಅದನ್ನು ಹೇಳುವಾಗ ನನಗೇ ಮುಜುಗರವಾಯಿತು. ಹುಡುಗಿ ಮಾತ್ರ ಒಂದೇ ಒಂದು ಸಲ ಮೇಲೆ ನೋಡಿ, "ಇರ್ತೀನಿ ಅಂತ ಹೇಳಿ" ಎಂದಳು. ಅತ್ತೆ ಅರಿಶಿನದ ನೀರು ತಂದು ಅವಳ ಕಾಲಿಗೆ ಸುರಿದರು. ಹೊಸ ಬಿಳಿ ಶೂ ಹಳದಿಯಾದವು. ಗೇಟು ತೆರೆಯಿತು.

ಮೊದಲ ದಿನಗಳು ಕಷ್ಟದವೇ. ಗುಳ್ಳೆ ಮೈಯೆಲ್ಲ ಹಬ್ಬಿ, ಅಂಗಾಲಿನಲ್ಲೂ ಎದ್ದವು. ಜ್ವರದಲ್ಲಿ ನಮ್ಮ ಹುಡುಗಿ ಕನ್ನಡ ಮರೆತಳು, ಇಂಗ್ಲಿಷೂ ಮರೆತಳು. ಗೆಳತಿ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಬೇವಿನ ಎಳೆಯ ಕೊಂಬೆಯಿಂದ ಮೈ ಸವರುತ್ತ ಕೂತಿರುವಳು. ಮಾತ್ರೆ ಕೊಡುವುದು ಅವಳ ಕೆಲಸ, ಎಳನೀರು ತರುವುದು ನನ್ನದು, ಅಡುಗೆ ಅತ್ತೆಯದು. ಒಗ್ಗರಣೆ ಇಲ್ಲ, ಖಾರ ಇಲ್ಲ. ಸಾಸಿವೆ ಸಿಡಿದ ಸದ್ದೇ ನಮ್ಮ ಮನೆಯಲ್ಲಿ ಕೇಳಲಿಲ್ಲ. ನಮ್ಮ ಯಜಮಾನರು ಮೂರನೇ ದಿನಕ್ಕೇ ಊಟಕ್ಕೆ ಅಂಗಡಿಯ ಪಕ್ಕದ ಹೋಟೆಲು ಹಿಡಿದರು.

ಅತ್ತೆ ರಾಗಿ ಗಂಜಿ ಕಾಯಿಸಿ, ಮಜ್ಜಿಗೆ ಉಪ್ಪು ಬೆರೆಸಿ, ಚೊಂಬಿನಲ್ಲಿ ಮೇಲೆ ಕಳಿಸುತ್ತಿದ್ದರು. ಮೊದಲ ಸಲ ಅದರ ವಾಸನೆ ನೋಡಿದ ಗೆಳತಿ ಚೊಂಬು ಹಿಡಿದುಕೊಂಡೇ ಕೆಳಗೆ ಬಂದಳು. "ಉಲೇಜಿ!" ಎಂದಳು. ರಾಗಿಗೆ ಅವರ ಭಾಷೆಯಲ್ಲಿ ಆ ಹೆಸರು. ಅವರಲ್ಲೂ ಮಕ್ಕಳಿಗೆ ಕಾಯಿಲೆಯಾದರೆ ಇದನ್ನೇ ಕುಡಿಸುತ್ತಾರಂತೆ, ಆದರೆ ನಿಂಬೆರಸ, ಸಕ್ಕರೆ ಹಾಕಿ. ಅತ್ತೆಗೆ ನಂಬಿಕೆಯೇ ಬರಲಿಲ್ಲ. "ರಾಗಿಗೆ ಸಕ್ಕರೆಯಾ? ಥೂ ಥೂ." ಮರುದಿನ ಗೆಳತಿ ನಮ್ಮ ಅಡುಗೆಮನೆಗೆ ಬಂದು ತನ್ನ ರೀತಿಯಲ್ಲಿ ಕಾಯಿಸಿ ಅತ್ತೆಗೂ ಒಂದು ಲೋಟ ಕೊಟ್ಟಳು. ಅತ್ತೆ ಮುಖ ಕಿವುಚುತ್ತಲೇ ಪೂರ್ತಿ ಕುಡಿದರು. "ಪರ್ವಾಗಿಲ್ಲ. ಆದ್ರೆ ಗಂಜಿ ಅಲ್ಲ ಇದು, ಪಾನ್ಕ" ಎಂದು ತೀರ್ಪು ಕೊಟ್ಟರು. ಅಂದಿನಿಂದ ರೋಗಿಗೆ ಬೆಳಿಗ್ಗೆ ಗಂಜಿ, ಸಂಜೆ ಪಾನಕ.

ಅತ್ತೆಗೂ ಪುಣೆಯಿಂದ ಬಂದವಳಿಗೂ ಮಧ್ಯೆ ಒಂದೂ ಭಾಷೆಯಿರಲಿಲ್ಲ. ಅವಳಿಗೆ ಸ್ವಲ್ಪ ಹಿಂದಿ ಬರುತ್ತಿತ್ತು, ಅತ್ತೆಗೆ ಅದು ದೇವರಾಣೆಗೂ ಬರದು. ಜ್ವರ ಸ್ವಲ್ಪ ತಗ್ಗಿದ ಮೇಲೆ ಅತ್ತೆ ಮೆಟ್ಟಿಲ ಕೆಳಗೆ ನಿಂತು ಕನ್ನಡದಲ್ಲಿ ಕೂಗುವರು, ಒಳಗೆ ಮಲಗಿದ ರೋಗಿಯೇ ಅದನ್ನು ತಮ್ಮ ಭಾಷೆಗೆ ತಿರುಗಿಸಬೇಕು, ಗೆಳತಿ ಉತ್ತರಿಸಿದರೆ ಮತ್ತೆ ಕನ್ನಡಕ್ಕೆ. ಒಂದು ದಿನ ನಮ್ಮ ಹುಡುಗಿ ಒಳಗಿನಿಂದ ಕೂಗಿದಳು, "ಅಜ್ಜೀ, ನನಗೆ ನಿದ್ದೆ ಬೇಕು! ನೀವೇ ಮಾತಾಡಿಕೊಳ್ಳಿ!" ಆಮೇಲೆ ಅವರು ಹಾಗೇ ಮಾಡಿದರು. ಅತ್ತೆ ತಮ್ಮ ಭಾಷೆ, ಅವಳು ಅವಳ ಭಾಷೆ. ಕಾಯಿಲೆಗೆ ಅವರು ಏನೆನ್ನುತ್ತಾರೆ ಎಂದು ಅತ್ತೆ ಅದು ಹೇಗೋ ಕೇಳಿ ತಿಳಿದುಕೊಂಡರು. "ತೆತೆಕುವಂಗ" ಎಂದು ಬೀದಿಯ ಹೆಂಗಸರಿಗೆಲ್ಲ ಹೇಳಿಕೊಟ್ಟರು.

ನಾಲ್ಕು ದಿನ ಆಗಿಹೋಯಿತು. ಅವಳು ರೈಲಿನ ಟಿಕೆಟ್ ರದ್ದು ಮಾಡಿಸಿ, ಕಾಲೇಜಿಗೆ ನಾನು ಸ್ಕ್ಯಾನ್ ಮಾಡಿಕೊಟ್ಟ ಡಾಕ್ಟರ ಚೀಟಿ ಕಳಿಸಿದಳು. ನನಗೆ ಮಾತ್ರ ಸಂಕಟ. ಮೈಸೂರಿಗೆಂದು ಬಂದವಳು ಕಂಡದ್ದೇನು? ನಮ್ಮ ತಾರಸಿ, ಅಲ್ಲಿಂದ ಕಾಣುವ ನೀರಿನ ಟ್ಯಾಂಕುಗಳು, ಖಾಲಿ ಸೈಟಿನಲ್ಲಿ ಮೇಯುವ ಎರಡು ಎಮ್ಮೆ, ದಿನಕ್ಕೊಂದು ಸಾಲು ಇಟ್ಟಿಗೆ ಏರುವ ಎದುರುಮನೆ. ಕತ್ತಲಾದ ಮೇಲೆ ದೂರದಲ್ಲಿ ಬೆಟ್ಟದ ದೀಪ. ನಮ್ಮ ಹುಡುಗಿಗೂ ಅದೇ ಕೊರಗು. ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಎಳನೀರು ಕೊಡಲು ಮೇಲೆ ಹೋದ ನನಗೆ ಕಿಟಕಿಯಿಂದ ಪಿಸುಗುಟ್ಟಿದಳು. "ಆಂಟಿ, ಅವಳನ್ನ ಅರಮನೆಗೆ ಕರೆದುಕೊಂಡು ಹೋಗಿ. ಬೇಗ ಬನ್ನಿ. ಅಜ್ಜಿಗೆ ಗೊತ್ತಾಗಲ್ಲ."

ನನಗೂ ಸರಿ ಎನ್ನಿಸಿತು. ಸ್ಕೂಟರನ್ನು ಸದ್ದಿಲ್ಲದೆ ಗೇಟಿನವರೆಗೆ ತಳ್ಳಿಕೊಂಡು ಹೋಗಿ, ಗೆಳತಿಗೆ ಕೈಸನ್ನೆ ಮಾಡಿದೆ. ಅವಳು ಮೆಟ್ಟಿಲ ಮೇಲೆಯೇ ನಿಂತು ತಲೆಯಲ್ಲಾಡಿಸಿ ಇಂಗ್ಲಿಷಿನಲ್ಲಿ ಹೇಳಿದಳು.

"ಬೇಡ ಆಂಟಿ. ನಾನು ಅಜ್ಜಿಗೆ ಮಾತು ಕೊಟ್ಟಿದ್ದೇನೆ."

"ಅರ್ಧ ಗಂಟೆ ಅಷ್ಟೇ."

"ನಾನು ಅರಮನೆ ನೋಡೋಕೆ ಬಂದಿಲ್ಲ" ಎಂದಳು. ಬೇಸರದಲ್ಲಿ ಅಲ್ಲ, ಸುಮ್ಮನೆ ಇದ್ದದ್ದನ್ನು ಹೇಳುವ ಹಾಗೆ. ನಾನು ಸ್ಕೂಟರನ್ನು ವಾಪಸ್ ತಳ್ಳಿಕೊಂಡು ಬಂದು ನಿಲ್ಲಿಸಿದೆ. ಒಳಗಿನಿಂದ ಅತ್ತೆಯ ದನಿ ಬಂತು. "ಯಾಕೆ, ಪೆಟ್ರೋಲ್ ಇಲ್ವಾ?"

ನಾನು ಮೆಲ್ಲಗೆ ಜೆರಾಕ್ಸ್ ಕೋಣೆಗೆ ನುಸುಳಿದೆ.

ಆಮೇಲಿನ ದಿನಗಳು ನಿಜವಾಗಿ ಚೆನ್ನಾಗಿದ್ದವು. ಗುಳ್ಳೆಗಳು ಬಾಡಿ ಉದುರತೊಡಗಿದವು. ಸಂಜೆ ಬಿಸಿಲು ತಗ್ಗಿದ ಮೇಲೆ ಇಬ್ಬರೂ ತಾರಸಿಗೆ ಬಂದು ಗೋಡೆಗೆ ಒರಗಿ ಕೂರುವರು. ನನ್ನ ಅಂಗಡಿಗೆ ಅವರ ದನಿ ಇಳಿದು ಬರುತ್ತಿತ್ತು. ಅರ್ಥವಾಗದಿದ್ದರೂ, ಯಾರನ್ನೋ ಆಡಿಕೊಳ್ಳುತ್ತಿದ್ದಾರೆ, ಯಾವುದೋ ಹಳೆಯ ಜಗಳ ಮತ್ತೆ ತೆಗೆದಿದ್ದಾರೆ, ಈಗ ಊರಿನ ಮಾತು ಬಂದು ಇಬ್ಬರೂ ಸುಮ್ಮನಾಗಿದ್ದಾರೆ ಎಂದು ಗೊತ್ತಾಗುತ್ತಿತ್ತು. ಇದ್ದಕ್ಕಿದ್ದಂತೆ ಒಂದು ನಗೆ ಎದ್ದರೆ ಜೆರಾಕ್ಸಿಗೆ ನಿಂತ ಹುಡುಗರೂ ನಗುತ್ತಿದ್ದರು. ಇಷ್ಟು ಮಾತು ಇವರ ಹೊಟ್ಟೆಯಲ್ಲಿ ಎರಡು ವರ್ಷ ಹೇಗೆ ಕೂತಿತ್ತೋ ಎಂದು ನನಗೆ ಆಶ್ಚರ್ಯ.

ಕೊನೆಗೆ ಅತ್ತೆ ಮಂಗಳವಾರ ನೋಡಿ, ಅಮ್ಮನನ್ನು ಕಳಿಸುವ ದಿನವೆಂದು ಹೇಳಿದರು. ಬೇವು ಅರಿಶಿನ ಹಾಕಿದ ನೀರು ಬೆಳಗಿನಿಂದ ಬಿಸಿಲಿನಲ್ಲಿ ಕಾಯಿತು. ನಮ್ಮ ಹುಡುಗಿ ತಲೆಗೆ ಸ್ನಾನ ಮಾಡಿ ಬಂದಳು. ಅವಳ ಸಣ್ಣ ಸಣ್ಣ ಜಡೆಗಳನ್ನೆಲ್ಲ ಜ್ವರದಲ್ಲೇ ಬಿಚ್ಚಿದ್ದರು. ಈಗ ಗೆಳತಿ ಮತ್ತೆ ಹೆಣೆಯಲು ಕೂತಳು. ಹತ್ತಿರದಲ್ಲಿ ನೋಡುತ್ತಿದ್ದ ಅತ್ತೆ ಸ್ವಲ್ಪ ಹೊತ್ತಿನಲ್ಲೇ ಕೂದಲಿನ ಎಳೆ ಪಾಲು ಮಾಡಿ ಹಿಡಿದುಕೊಡಲು ಶುರುಮಾಡಿದರು. "ನಮ್ಮದಾದ್ರೆ ಒಂದ್ ಜಡೆ, ಮುಗೀತು. ಇದು ನಾಟಿ ಹಾಕ್ದಂಗೆ ಅದೆ" ಎಂದರು.

ಬೋಗಾದಿಯ ಹಳೇ ಊರಿನ ಮಾರಮ್ಮನ ಗುಡಿಗೆ ಮೊಸರನ್ನ, ತಂಬಿಟ್ಟು ಒಯ್ಯಬೇಕು. ನಮ್ಮ ಹುಡುಗಿ ಹಿಂಜರಿದಳು. "ಅಜ್ಜಿ, ನಾನು ಚರ್ಚಿಗೆ ಹೋಗುವವಳು. ನಾನು ಬರಬಹುದಾ?"

"ಅವ್ಳು ನಿನ್ ಮೈಮ್ಯಾಲೆ ಬರೋವಾಗ ಯಾವ ಗುಡಿಗೆ ಓಗ್ತೀಯೆ ಅಂತ ಕೇಳುದ್ಲಾ? ಬಾ ಸುಮ್ಕೆ."

ಹಾಗೆ ಅವರಿಬ್ಬರೂ ಒಟ್ಟಿಗೆ ಮೊದಲ ಸಲ ಗೇಟು ದಾಟಿದರು. ಹೊಸ ಬಡಾವಣೆಯ ಅಗಲ ರಸ್ತೆ ಮುಗಿದು ಹಳೇ ಊರಿನ ಇಕ್ಕಟ್ಟು ಬೀದಿ ಶುರುವಾಗುವಲ್ಲಿ, ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರವ್ವ ಇವ್ರು?" ಎಂದು ಕೇಳಿದರು.

"ನಮ್ಮನೆ ಮಕ್ಳು" ಎಂದು ಅತ್ತೆ ನಡಿಗೆ ನಿಲ್ಲಿಸದೆಯೇ ಹೇಳಿದರು.

ಗೆಳತಿ ಹೊರಡುವ ದಿನ ಸಂಜೆ ರೈಲು. ಅದಕ್ಕೆ ಮುಂಚೆ ಅರ್ಧ ದಿನ ಸಿಕ್ಕಿತ್ತು. "ಈಗಲಾದರೂ ಅರಮನೆ?" ಎಂದೆ. ಅತ್ತೆ ಆಗಲೇ ಒಳ್ಳೆಯ ಸೀರೆ ಉಟ್ಟು ಕೂತಿದ್ದರು. "ಅರ್ಮನೆ ಎಲ್ಲೂ ಓಗಲ್ಲ ಕಣವ್ವ. ಮಾರ್ಕೆಟ್‌ಗೆ ಓಗವಾ." ಎಷ್ಟೋ ವರ್ಷದಿಂದ ಅವರು ಪೇಟೆಗೆ ಬಂದಿರಲಿಲ್ಲ. ನಾವು ನಾಲ್ವರೂ ಒಂದೇ ಆಟೋದಲ್ಲಿ ತುರುಕಿಕೊಂಡು ದೇವರಾಜ ಮೊಹಲ್ಲಾದ ಮಾರ್ಕೆಟ್ಟಿಗೆ ಹೋದೆವು.

ಹೂವಿನ ಸಾಲು, ಕುಂಕುಮದ ಗುಡ್ಡೆ, ಬಾಳೆಹಣ್ಣಿನ ಗೊನೆ ಎಲ್ಲ ದಾಟಿಸಿಕೊಂಡು ಅತ್ತೆ ನಮ್ಮನ್ನು ಹಿಂದಿನ ಬಾಗಿಲಿನ ಹತ್ತಿರ ಕರೆದುಕೊಂಡು ಹೋದರು. ಒಂದು ಕಲ್ಲಿನ ಕಟ್ಟೆಯ ಮುಂದೆ ನಿಂತರು. ಮದುವೆಯಾದ ಹೊಸದರಲ್ಲಿ ದಂಟು, ಕೀರೆ ಸೊಪ್ಪಿನ ಹೊರೆ ಹೊತ್ತುಕೊಂಡು ಬೋಗಾದಿಯಿಂದ ನಡೆದು ಬಂದು ಇಲ್ಲೇ ಕೂತು ಮಾರುತ್ತಿದ್ದೆ ಎಂದರು. ಇಷ್ಟು ವರ್ಷದಲ್ಲಿ ನನಗೂ ಅವರು ಅದನ್ನು ಹೇಳಿರಲಿಲ್ಲ. ನಮ್ಮ ಹುಡುಗಿ ಗೆಳತಿಗೆ ಅದನ್ನು ತಿಳಿಸಿದಳು. ಗೆಳತಿ ಫೋನು ತೆಗೆದು ಒಂದು ಫೋಟೋ ಹುಡುಕಿ ಅತ್ತೆಯ ಮುಂದೆ ಹಿಡಿದಳು. ಬಣ್ಣದ ಬಟ್ಟೆ ತಲೆಗೆ ಕಟ್ಟಿಕೊಂಡ ಮುದುಕಿಯೊಬ್ಬರು ಒಣಮೀನಿನ ರಾಶಿಯ ಹಿಂದೆ ಕೂತಿದ್ದರು. ಅದು ಅವಳ ಅಜ್ಜಿ. ಸರೋವರದ ಸಣ್ಣ ಮೀನು ಒಣಗಿಸಿ ಈಗಲೂ ಮಾರುತ್ತಾರಂತೆ.

ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಜಾಗ ಚೆನ್ನಾಗಿ ಹಿಡ್ಕೊಂಡವ್ಳೆ. ನೆಳ್ಳು ಅದೆ" ಎಂದರು.

ಆ ಕಟ್ಟೆಯ ಮೇಲೆ ಈಗ ನಿಂಬೆಹಣ್ಣು ಮಾರುತ್ತಿದ್ದ ಹೆಂಗಸು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅತ್ತೆ ಕೂತರು, ಎರಡು ಕಡೆ ಇಬ್ಬರು ಹುಡುಗಿಯರು. ನಾನು ಫೋಟೋ ತೆಗೆದೆ. ಆಮೇಲೆ ನಂಜನಗೂಡು ರಸಬಾಳೆ ಕೊಂಡೆವು, ಮೈಸೂರುಪಾಕು ಕಟ್ಟಿಸಿಕೊಂಡೆವು. ಸ್ಟೇಷನ್ನಿನ ಕಡೆ ಹೋಗುವ ಮೊದಲು ಆಟೋದವನಿಗೆ ಹೇಳಿ ಅರಮನೆಯ ಸುತ್ತ ಒಂದು ಸುತ್ತು ಹಾಕಿಸಿದೆ. ಗೆಳತಿ ಕತ್ತು ಹೊರಗೆ ಹಾಕಿ ನೋಡಿ, "ತುಂಬ ಚೆನ್ನಾಗಿದೆ" ಎಂದು ನನ್ನ ಸಮಾಧಾನಕ್ಕೆ ಹೇಳಿದಳು.

ರೈಲು ಹತ್ತುವಾಗ ಇಬ್ಬರೂ ಅಳುತ್ತಾರೆಂದು ನಾನು ಕರ್ಚೀಫು ಹಿಡಿದು ನಿಂತಿದ್ದೆ. ಅವರು ಅಳಲಿಲ್ಲ. ಮಾತಾಡುತ್ತಲೇ ಇದ್ದರು, ರೈಲು ಚಲಿಸಿದ ಮೇಲೂ ಕಿಟಕಿಯ ಜೊತೆ ಸ್ವಲ್ಪ ದೂರ ನಡೆಯುತ್ತ ನಮ್ಮವಳು ಮಾತಾಡಿದಳು. ಅತ್ತಿದ್ದು ನಾನು. ಅತ್ತೆ, "ಇವ್ಳಿಗೇನಾಯ್ತು" ಎಂಬಂತೆ ನೋಡಿದರು.

ಮರುವರ್ಷ ದೀಪಾವಳಿಯ ರಜೆಗೆ ನಮ್ಮ ಹುಡುಗಿ ಪುಣೆಗೆ ಹೋಗಿಬಂದಳು. ಬಂದವಳನ್ನು ಹೇಗಿತ್ತೆಂದು ಕೇಳಿದೆ. ಕೋಟೆ, ಗುಹೆ, ವಸ್ತುಸಂಗ್ರಹಾಲಯ, ಯಾವುದೋ ಪ್ರಸಿದ್ಧ ಬೇಕರಿ, ಎಲ್ಲ ನೋಡಿದೆವು ಎಂದಳು. ಬೆಳಗಿನಿಂದ ಸಂಜೆಯವರೆಗೆ ಓಡಿದ್ದೇ ಓಡಿದ್ದು. ಫೋನಿನಲ್ಲಿ ನೂರಾರು ಫೋಟೋ.

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಆಂಟಿ" ಎಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದಳು. "ಆದರೆ ಮಾತಾಡೋಕೆ ಟೈಮೇ ಸಿಗಲಿಲ್ಲ."